ಎಂಟನೇ ಪುಟ

ಬಲ್ಮಠದ ಹುಲ್ದಾಬಾಯಿಯ ಅಡಿಗೆ ಪುಸ್ತಕದಲ್ಲಿ
ಎಂಟನೇ ಪುಟ, ಮಿಸ್ಸಿಯಮ್ಮನ ಓರೆ ಅಕ್ಷರ.
ಬೆಣ್ಣೆ ಗೊತ್ತು, ಮೈದಾ ಗೊತ್ತು,
ಈ ರಬಾರ್ಬರ್ ಅಂದರೇನು?
ಕೆಂಪು ದಂಟಂತೆ, ಹುಳಿಯಂತೆ,
ಹಿಮ ಕರಗಿದ ಮೇಲೆ ಏಳುವುದಂತೆ.
"ದಂಟಾದರೆ ಹರಿವೆ" ಅಂದ ಅಡಿಗೆಯ ದೂಜ.
"ಹುಳಿಯಾದರೆ ಹಿತ್ತಲಲ್ಲೇ ಉಂಟಲ್ಲ!"

ಕಾಂಡಕ್ಕೇ ಅಂಟಿ ಗೊಂಚಲು ಗೊಂಚಲು ಬಿಂಬುಳಿ,
ಹಿತ್ತಾಳೆ ಚೆಂಬು ಬೆಳಗಲಿಕ್ಕೆ, ಬಂಗುಡೆ ಸಾರಿಗೆ;
ಆ ದಿನ ಸಕ್ಕರೆ ಹೊದ್ದು
ಹಿಟ್ಟಿನೊಳಗೆ ಮಲಗಿತು.

ಸ್ಟ್ರಾಬೆರಿ ಬಂದದ್ದು ಮೊನ್ನೆ ಮೊನ್ನೆ,
ಜನವರಿಯ ರಾತ್ರಿ ಬಸ್ಸಲ್ಲಿ, ಮಹಾಬಲೇಶ್ವರದಿಂದ.
ಹಂಪನಕಟ್ಟೆಯಲ್ಲಿ ಡಬ್ಬಿಗೆ ನೂರಿಪ್ಪತ್ತು,
ಅಡಿಯ ಸಾಲು ಯಾವಾಗಲೂ ಜಜ್ಜಿದ್ದೇ.
ನನಗದೇ ಸಾಕು; ಪೈಗೆ ಚಂದ ಬೇಡ.

ಚಮಚ ಒತ್ತಿದರೆ ಕರಕ್.
ಮೊದಲು ಸಿಹಿ,
ಮತ್ತೆ ಕಿವಿಯ ಬುಡದಲ್ಲಿ ಜುಂ,
ಒಂದು ಕಣ್ಣು ತಾನಾಗಿ ಮುಚ್ಚುತ್ತದೆ.
ಹುಲ್ದಾಬಾಯಿಗೆ ಎಡದ್ದು, ನನಗೂ ಎಡದ್ದೇ.

ಪುಸ್ತಕ ಈಗ ನನ್ನಲ್ಲಿ.
ಯಾವತ್ತೋ ಬಿಂಬುಳಿ ರಸ ಸಿಡಿದು
ಎಂಟನೇ ಪುಟದ ಶಾಯಿ ಬಿಟ್ಟಿದೆ,
ಸರಿಯಾಗಿ ಆ ಒಂದು ಶಬ್ದದ ಮೇಲೆ.
ಮತ್ತೆ ಬರೆಯಲಿಕ್ಕೆ ಹೋಗಲಿಲ್ಲ.
ತಟ್ಟೆ ಕೊಡಿ,
ಮೂಲೆಯ ತುಂಡು ಇನ್ನೂ ಬಿಸಿ ಉಂಟು.