ಬ್ಲಾಸಂ

ಒಂಬತ್ತು 'ಬಿ', ಮೂರನೇ ಪೀರಿಯಡ್ಡು.
ಪಾಠದಲ್ಲಿ ಹಿಮ ಬೀಳುತ್ತಿತ್ತು.
ಇಬ್ಬರು ಮಕ್ಕಳು ಬೂಟಿಗೆ ಲೇಸು ಬಿಗಿದುಕೊಂಡು
ಯಾವುದೋ ದೇಶದ ಬೆಟ್ಟದ ಮೇಲೆ ಜಾರುತ್ತಿದ್ದರು.
ಸಿದ್ದಾಪುರದ ನಮ್ಮ ಕಿಟಕಿಯಾಚೆ
ಆನೆ ಓಡಿಸಲು ಬಂದವರ ಜೀಪು,
ಗಾಳಿಯ ತುಂಬ ಪಟಾಕಿ ಮದ್ದಿನ ವಾಸನೆ.
ಹಾಜರಿ ನಲವತ್ತಕ್ಕೆ ಹದಿನೇಳು.
ಬಾರದವರು ಯಾಕೆ ಬರಲಿಲ್ಲವೆಂದು
ಹಾಜರಿ ಪುಸ್ತಕ ಕೇಳುವುದಿಲ್ಲ,
'ಎ' ಅಂತ ಬರೆದರೆ ಅದಕ್ಕೆ ಸಾಕು.

ವಸಂತದ ಪ್ಯಾರಾ ಬಂತು.
ಬ್ಲಾಸಂ ಅಂದರೇನು, ಕೇಳಿದೆ.
ಕೊನೆಯ ಬೆಂಚಿನ ಬೊಳಕ ಎದ್ದ.
ಎದ್ದವನು ನಿಂತೇ ಇದ್ದ,
ಮೂರು ವಾರ ಕಾಫಿ ಹಣ್ಣು ಕೊಯ್ದ ಬೆರಳಲ್ಲಿ
ಡೆಸ್ಕಿನ ಅಂಚು ಕೆರೆಯುತ್ತ.
"ಬ... ಬೊಳಾಸ..."
ಮುಂದಿನ ಬೆಂಚು ನಕ್ಕಿತು.
ನಾನು ನಗಲಿಲ್ಲ, ತಿದ್ದಿದೆ.
ಎಷ್ಟು ಚೆನ್ನಾಗಿ ತಿದ್ದಿದೆನೆಂದರೆ
ಆ ವರ್ಷವಿಡೀ ಅವನು ಮತ್ತೆ ಬಾಯಿ ತೆರೆಯಲಿಲ್ಲ.

ಮಾರ್ಚಿಯಲ್ಲಿ ಅವರ ಲೈನಿನ ಮುಂದೆ ಬಸ್ಸಿಗೆ ಕಾಯುತ್ತಿದ್ದೆ.
ಅವನಪ್ಪ ಸ್ಪ್ರಿಂಕ್ಲರ್ ಪೈಪು ಹೆಗಲಿಗೇರಿಸಿ
ರೈಟರಿಗೆ ಕೂಗುತ್ತಿದ್ದ:
"ಕೆಳಗಿನ ಬ್ಲಾಕು ಬ್ಲಾಸಂ ಆಗೋಯ್ತು,
ಇನ್ನು ಬ್ಯಾಕಿಂಗ್ ಕೊಡ್ಬೇಕು!"
ಪಲ್ಪರ್, ಪಾರ್ಚ್‌ಮೆಂಟ್, ರೋಲ್‌ಕಾಲ್.
ಅಜ್ಜ ಮುತ್ತಜ್ಜರ ಕಾಲದಿಂದ
ಈ ಲೈನುಗಳಲ್ಲಿ ಗಂಜಿಯ ಜೊತೆ ಉಂಡ ಮಾತು.
ಪಠ್ಯಪುಸ್ತಕಕ್ಕೆ ಗೊತ್ತಿರಲಿಲ್ಲ.
ನನಗೆ ಗೊತ್ತಿತ್ತು.
ನಮ್ಮ ಮನೆ ಹಿಂದೆಯೂ ಇದೆಯಲ್ಲ ನಾಲ್ಕೆಕರೆ.

ನನ್ನದೂ ಹೇಳಿಬಿಡುತ್ತೇನೆ.
ಅದಕ್ಕೂ ಆರು ವರ್ಷ ಹಿಂದೆ, ಮಡಿಕೇರಿಯ ತರಬೇತಿ,
ಮೂರನೆಯ ದಿನ, ಊಟಕ್ಕೆ ಮೊದಲು.
'ವೆಜಿಟೇಬಲ್' ಅಂದೆ,
ಟೇಬಲ್ಲನ್ನು ಟೇಬಲ್ಲೆಂದೇ ಓದಿ.
ಕೊರಳಲ್ಲಿ ಗುರುತಿನ ಚೀಟಿ ತೂಗುವ ಹುಡುಗ,
ನನ್ನ ತಮ್ಮನ ಮಗನ ವಯಸ್ಸು,
"ದೇಚಮ್ಮ ಮೇಡಂ, ಅದು ಊಟದ ಟೇಬಲ್ಲಲ್ಲ" ಅಂದ.
ಎಪ್ಪತ್ತು ಜನ ನಕ್ಕರು. ಕೆಟ್ಟ ನಗುವೇನಲ್ಲ.
ಆ ಮಧ್ಯಾಹ್ನ ಪಲ್ಯ ಮುಟ್ಟಲಿಲ್ಲ,
ಬರೀ ಮೊಸರನ್ನ ತಿಂದೆ.

ಆಮೇಲಿಂದ ಇಂಗ್ಲಿಷನ್ನು ಕನ್ನಡದಲ್ಲೇ ಮುಗಿಸಿದೆ.
ಪ್ರಶ್ನೆ ಐದು, ಉತ್ತರ ಐದು,
ಬೋರ್ಡಿನಿಂದ ನೋಟಿಗೆ,
ನೋಟಿನಿಂದ ಪರೀಕ್ಷೆಗೆ,
ಪರೀಕ್ಷೆಯಿಂದ ರದ್ದಿಗೆ.
ಯಾರ ನಾಲಗೆಗೂ ತೊಂದರೆ ಕೊಡಲಿಲ್ಲ.
ಹತ್ತನೆಯ ಫಲಿತಾಂಶ ಶೇಕಡಾ ಎಂಬತ್ತೆರಡು,
ಹೆಡ್‌ಮಾಸ್ತರರು ಸ್ಟಾಫ್ ರೂಮಿಗೆ ಲಡ್ಡು ತರಿಸಿದರು.
ಉಳಿದ ಹದಿನೆಂಟರಲ್ಲಿ ಬೊಳಕನಿದ್ದ.

ಮೊನ್ನೆ ಭಾನುವಾರ, ಸಂತೆ.
ಒಣಮೀನಿನ ಸಾಲು ದಾಟಿದರೆ ಸಫ್ವಾನನ ಮೊಬೈಲ್ ಅಂಗಡಿ.
ಕೌಂಟರಿನ ಹಿಂದೆ ಬೊಳಕ!
ಎದುರಿಗೆ ತೋಟದ ಕೆಲಸಕ್ಕೆ ಬಂದ
ಅಸ್ಸಾಮಿನ ಮೂವರು.
"ಕಿ ಲಾಗೆ?" ಅನ್ನುತ್ತಾನೆ.
ಮುಂದೆ ಇನ್ನೇನೋ ಹೇಳಹೋಗಿ ಎಡವುತ್ತಾನೆ.
ಅವರು ಹೊಟ್ಟೆ ಹಿಡಿದು ನಗುತ್ತಾರೆ, ಇವನೂ.
ಒಬ್ಬ ಸರಿಯಾದ್ದು ಹೇಳಿಕೊಡುತ್ತಾನೆ,
ಬೊಳಕ ಅದನ್ನು ಸ್ಕ್ರೀನ್‌ಗಾರ್ಡಿನ ಹಾಗೆ
ಗುಳ್ಳೆ ಏಳದಂತೆ ಒತ್ತಿ ಅಂಟಿಸಿಕೊಳ್ಳುತ್ತಾನೆ.

ಯಾವಾಗ ಕಲಿತೆಯೋ?
"ನಾಲ್ಕು ತಿಂಗ್ಳಾಯ್ತು ಮಿಸ್."
ಯಾರು ಕಲಿಸಿದ್ರು?
ಅವನು ನಿಂತೇ ಇದ್ದ, ಆವತ್ತಿನ ಹಾಗೆ,
ಉತ್ತರ ತಪ್ಪಾದೀತೆಂದು.
"ಯಾರೂ ಇಲ್ಲ ಮಿಸ್.
ಅವ್ರಿಗೆ ಚಾರ್ಜರ್ ಬೇಕಿತ್ತು."

ನನಗೂ ಒಂದು ಬೇಕಿತ್ತು.
ಇನ್ನೂರೈವತ್ತು ಅಂದವನು
ಬೇಡವೆಂದರೂ ಐವತ್ತು ಬಿಟ್ಟ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು.
ಬ್ಯಾಗಿನಲ್ಲಿ ತಿದ್ದದ ಉತ್ತರ ಪತ್ರಿಕೆಗಳ ಕಟ್ಟು,
ಮಡಿಲಲ್ಲಿ ಬೆಂಡೆ, ಬದನೆ, ಕೆಸದ ಸೊಪ್ಪು.
ಗುಹ್ಯದ ಊರು ಕಳೆದ ಮೇಲೆ
"ವೆಜಿಟೇಬಲ್" ಅಂದೆ, ಗಟ್ಟಿಯಾಗಿ,
ಹಳೆಯ ರೀತಿಯಲ್ಲೇ, ಟೇಬಲ್ಲು ಸಮೇತ.
ಪಕ್ಕದ ಹೆಂಗಸು ನನ್ನ ಚೀಲ ನೋಡಿದಳು.
"ಬೆಂಡೆ ಕೇಜಿಗೆ ಎಷ್ಟಾಯ್ತು?" ಅಂದಳು.