ಗಾಳಿಯ ಖೋಲಿ

ಗಬ್ಬೂರ ಬೈಪಾಸಿಗೆ ನನ್ನ ಪಂಕ್ಚರ್ ಅಂಗಡಿ.
ರಾತ್ರಿ ಹನ್ನೊಂದಕ್ಕ ಮಡಗಾವಿನ ಲಾರಿಯೊಂದು
ಕುಂಟಿಕೋತ ಬಂದು ನಿಂತಿತು.
ಇಳಿದಾಂವ ಕಾಯ್ತಾನ, ಅರವತ್ತು ದಾಟಿದ ಮೈ,
ಹರೇದಾಗ ಮೊಜಾಂಬಿಕಿನ್ಯಾಗ ಬಸ್ಸು ಹೊಡದಾಂವ.
ಬಸ್ಸಿಗೆ ಅಲ್ಲಿ ಮಶಿಂಬೊಂಬು ಅಂತಾರಂತ.
ನನ್ನ ಹುಡುಗ ದಾದಾಪೀರ ನಕ್ಕು ನಕ್ಕು
ಜ್ಯಾಕಿನ ಹಿಡಿಕಿ ಬಿಟ್ಟ.

ಗಾಲಿ ಕಳಚೂತನಕ ಪೋರ್ಚುಗೀಸು ಕಲಿ ಅಂದ.
ನಾ ಕೈಯಾನ ಗ್ರೀಸು ಒರಸಿ
ಉದ್ರಿ ವಹಿಯ ಹಿಂದಿನ ಹಾಳಿ ತಗದೆ.

ರೋದಾ ಅಂದ. ರೋಡು ಅಂತ ಬರದೆ.
ಅಲ್ಲೋ, ಅದು ಗಾಲಿ,
ರೋಡಿಗೆ ಇಸ್ತ್ರಾದ.
ಇಸ್ತ್ರಿ ಹೊಡದಂಗ ಇರತದೇನು ನಿಮ್ಮ ಕಡೆ?
ಇಲ್ಲ, ಅಲ್ಲೂ ತೆಗ್ಗದಾವ. ತೆಗ್ಗಿಗೆ ಬುರಾಕು.
ಇದನ್ನ ಮಾತ್ರ ಎರಡು ಸರ್ತಿ ಬರಕೊಂಡೆ,
ನಮ್ಮ ಊರಿಗೆ ದಿನಾ ಬೇಕಾಗೂ ಮಾತು.

ಟಯರು ಪ್ನೇವು.
ಆ ಮೊದಲಿನ ಪ ತುಟ್ಯಾಗ ನಿಂದ್ರವಲ್ದು,
ವಾಲು ಬಿಚ್ಚಿದಂಗ ಪುಸ್ಸಂತ ಹೋಗತದ.
ರಾಯು ಅಂದರ ಸೈಕಲ್ಲಿನ ಕಡ್ಡಿ,
ಬಿಸಿಲಿನ ಕೋಲೂ ಅದ, ಸಿಡಿಲೂ ಅದ.
ಒಂದ ಮಾತಿಗೆ ಇಷ್ಟು ಮಾಲು ಹೇರಿದರ
ಆಕ್ಸಲ್ ಮುರೀತದ, ಮಾರಾಯ.

ಟ್ಯೂಬಿಗೆ ಏನಂತೀರಿ?
ಕಾಮರ ದ ಆರ್.
ಕಾಮರ ಅಂದರ ಖೋಲಿ, ಆರ್ ಅಂದರ ಗಾಳಿ.

ಇಪ್ಪತ್ತೆರಡು ವರ್ಷ
ಟ್ಯೂಬು ನೀರಾಗ ಅದ್ದೀನಿ,
ಅದೊಂದು ಖೋಲಿ ಅಂತ, ಒಳಗ ಒಬ್ಬರು ವಾಸ ಅದಾರಂತ
ಯಾರೂ ಹೇಳಿರಲಿಲ್ಲ.
ಆ ರಾತ್ರಿ ಗುಳ್ಳಿ ಏಳೂ ಜಾಗಾಕ್ಕ ಬೆರಳಿಟ್ಟರ
ಒಳಗಿಂದ ಬಾಗಲಾ ಬಡದಂಗಾತು.
ಅಲ್ಲಿ ಪ್ಯಾಚು ಹಚ್ಚಾಕ
ಒಂದು ಗಳಿಗಿ ಮನಸ್ಸಾಗಲಿಲ್ಲ.

ನಟ್ಟು ಬಿಗಿಯೂಮುಂದ
ಶಾವಿ ಕೊಡು ಅಂದ.
ಈ ಸರಹೊತ್ತಿನ್ಯಾಗ ಶಾವಿಗಿ ಎಲ್ಲಿ ತರಲಿ?
ಅಂವ ಗಾಳ್ಯಾಗ ಕೈ ತಿರುವಿ ತೋರಿಸಿದ.
ಓ, ಚಾವಿ!
ಉಡದಾರದಾಗಿನ ಅಂಗಡಿ ಚಾವಿ ಬಿಚ್ಚಿ ಕೊಟ್ಟೆ.
ಅಂವ ನಕ್ಕು, ನೆಲದ ಮ್ಯಾಲಿನ ಪಾನಾ ಎತ್ತಿಕೊಂಡ:
ಇದು ಗಾಲಿಯ ಚಾವಿ.

ನಮ್ಮದ ಮಾತು ಅಂತ ತಿಳಕೊಂಡಿದ್ದೆ ನಾ.
ಯಾವ ಎತ್ತಿನ ಹೇರಿನಾಗ ಉಪ್ಪಿನ ಜೋಡಿ
ಘಟ್ಟ ಹತ್ತಿ ಬಂದಿತ್ತೋ,
ಯಾವ ನಾಕಾದಾಗೂ ಪಾವತಿ ಇಲ್ಲ.

ಹೋಗೂಮುಂದ ನೋಟು ಎಣಿಸಿ ಕೈಯಾಗಿಟ್ಟು
ಪಗಾರ್ ಅಂದ.
ಅವರಲ್ಲಿ ಅದು ಕೊಡೂದಂತ.
ನಮ್ಮಲ್ಲಿ ಬರೂದು, ಅಂದೆ.
ದಾದಾಪೀರ ನಗಲಿಲ್ಲ. ನನ್ನ ಮಾರಿ ನೋಡಿದ.
ಎರಡು ತಿಂಗಳದು ಬಾಕಿ ಇತ್ತು.