ಒಂದು ಸೊನ್ನೆಯ ಕೂಲಿ

ಪಾಲಿಕೆಯ ಇಂಜಿನಿಯರು ಫೋನಿನಲ್ಲಿ ಹೇಳಿದರು:
"ಬೋರ್ಡು ಹಳೇದೇ ಇರಲಿ ಖಲಂದರ್.
ಸಾಲಿ ಮುಂದ ಜೋರು ಹೋದರ ದಂಡ ಏರೈತಿ.
ಐನೂರರ ಮುಂದ ಒಂದು ಸೊನ್ನೆ ಬರಿ, ಸಾಕು.
ಸೊನ್ನೆಗೆ ಎಷ್ಟು ತಗೊಂತಿ?"

ಮೂವತ್ತು ವರ್ಷ ಅಕ್ಷರ ಬರೆದಿದ್ದೇನೆ ದಾವಣಗೆರೆಯಲ್ಲಿ,
ಮಿಲ್ಲಿನ ಗೇಟಿಗೆ, ಟಾಕೀಸಿನ ಗೋಡೆಗೆ,
ಲಾರಿಗಳ ಹಿಂದೆ 'ನಿಧಾನವೇ ಪ್ರಧಾನ'.
ಯಾವ ಲಾರಿಯೂ ಅದನ್ನು ಓದಲಿಲ್ಲ,
ಬೆನ್ನ ಮೇಲಿನದು ಯಾರಿಗೆ ಕಾಣುತ್ತದೆ.
ಫ್ಲೆಕ್ಸು ಬಂದ ಮೇಲೆ ಉಳಿದದ್ದು ಈ ಹಳದಿ ಫಲಕಗಳಷ್ಟೇ.
ಬಿಡಿ ಸೊನ್ನೆಗೆ ದರ ಕೇಳಿದವರು ಇವರೇ ಮೊದಲು.

ಮಂಡಕ್ಕಿ ಭಟ್ಟಿಯ ಹೊಗೆ ದಾಟಿದರೆ ಶಾಲೆ,
ಶಾಲೆಗೆ ಆತು ಆಟದ ಬಯಲು, ಬಯಲಿಗೆ ಆತು ರಸ್ತೆ.
ನಡುವಿನ ಗೇಟಿಗೆ ಚಿಲಕವಿಲ್ಲ.
ಏಣಿ ಹತ್ತಿ ನೋಡಿದರೆ ಜಾಗವೇ ಇಲ್ಲ:
ಐನೂರರ ಬಾಲಕ್ಕೆ ನಾನೇ ಎಳೆದ ಓರೆಗೀಟು, ಅಡ್ಡಗೆರೆ.
ಲೆಕ್ಕ ಅಲ್ಲಿಗೆ ಮುಗಿಯಿತೆಂದು
ಅಂದು ಎಷ್ಟು ಖಾತ್ರಿ ಇತ್ತು ನನಗೆ!
ಉಪ್ಪುಕಾಗದ ಹಿಡಿದು ಕೆರೆದೆ.

ಇದೇ ಕಂಬದ ಕೆಳಗೆ, ಕಳೆದ ಶ್ರಾವಣದಲ್ಲಿ,
ಪೊಲೀಸರು ಡಾಂಬರಿನ ಮೇಲೆ ಸೀಮೆಸುಣ್ಣದಲ್ಲಿ
ಒಂದು ಸೊನ್ನೆ ಬರೆದಿದ್ದರು.
ಒಳಗೆ ಎಡಗಾಲಿನ ಚಪ್ಪಲಿ,
ಭಟ್ಟಿ ಕೆಲಸದ ಹಾಲಮ್ಮ ಮಗಳಿಗೆ
ಮುಂದಿನ ವರ್ಷಕ್ಕೂ ಬರಲೆಂದು
ಒಂದು ಸೈಜು ದೊಡ್ಡದೇ ಕೊಂಡದ್ದು.
ಎರಡೇ ದಿನದ ಮಳೆಗೆ ಗೆರೆ ಅಳಿಸಿತು.
ಅಷ್ಟು ದುಂಡಗೆ ಬರೆಯಲು
ನನ್ನ ಕೈಗೆ ಇವತ್ತಿಗೂ ಬಂದಿಲ್ಲ.

ಕುಂಚ ಊರಿದ್ದೆ, ಬೈಕೊಂದು ಸರ್ರನೆ ಬಂದು ಗಕ್ಕನೆ ನಿಂತಿತು,
ಫಲಕ ನೋಡಿಯಲ್ಲ, ಏಣಿ ನೋಡಿ.
ಹೆಲ್ಮೆಟ್ಟು ಮೊಣಕೈಗೆ.
"ಎಷ್ಟಾತು ಕಾಕಾ?"
"ಐದು ಸಾವಿರ."
"ಹಿಂಗಾದ್ರ ಮನುಷ್ಯಾ ಬದುಕೋದು ಹೆಂಗ?"
ಬಣ್ಣ ಸೋರುತ್ತಿತ್ತು. ನಾನು ತಿರುಗಲಿಲ್ಲ.

ಗಂಟೆ ಹೊಡೆಯಿತು. ಚೀಲಗಳು ಓಡಿ ಬಂದವು.
ಮೂರನೇ ಕ್ಲಾಸಿನವನೊಬ್ಬ ಕತ್ತೆತ್ತಿ, ಬೆರಳು ಎತ್ತಿ
ಹಿಂದಿನಿಂದ ಎಣಿಸಿದ:
ಬಿಡಿ, ಹತ್ತು, ನೂರು, ಸಾವಿರ.
"ಇದು ಯಾರಿಗ ಕೊಡಬೇಕ್ರಿ?"
"ಸರ್ಕಾರಕ್ಕ."
"ಸರ್ಕಾರಕ್ಕ ಗಾಡಿ ಬಡಿದಿತ್ತೇನು?"
"ಮನಿಗೆ ನಡಿಯೋ, ಹಸಿ ಐತಿ, ಮುಟ್ಟಬ್ಯಾಡ" ಎಂದೆ.
ಏಣಿಯನ್ನು ರಸ್ತೆಗೆ ಅಡ್ಡ ಹಿಡಿದು ನಿಂತೆ,
ಎಲ್ಲರೂ ದಾಟುವ ತನಕ.
ಆಚೆ ಆಟೋದವರು ಹಾರ್ನ್ ಹೊಡೆದು ಬೈದರು.

ಸಂಜೆ ಬಿಲ್ಲು ಬರೆದೆ:
ಸೊನ್ನೆ, ಒಂದು.
ದರದ ಜಾಗ ಹಾಗೇ ಬಿಟ್ಟಿದ್ದೇನೆ,
ಇಂಜಿನಿಯರೇ ತುಂಬಲಿ.